ಅರ್ಧಕ್ಕೆ ನಿಂತ ಹೆಸರು

ಕಾದ ರೆಕ್ಸಿನ್ನಿನ ವಾಸನೆ ಬಂದರೆ ಈಗಲೂ ನಾನು ಮೂಗು ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ. ಹೋದ ವಾರ ಪಿ.ಜೆ. ಬಡಾವಣೆಯ ಆಸ್ಪತ್ರೆಯೊಂದರಲ್ಲಿ ಹಾಗೇ ಆಯಿತು. ತಂಗಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿತ್ತು. ಅಂಗೈಯಗಲದ ಕೂಸನ್ನು ಮೇಲಿನಿಂದ ಬಿಸಿ ಕೊಡುವ ತೊಟ್ಟಿಲಿನಲ್ಲಿ ಮಲಗಿಸಿದ್ದರು. ಆಸ್ಪತ್ರೆಯವರು ಅದನ್ನು ವಾರ್ಮರ್ ಅನ್ನುತ್ತಾರೆ. ಕೈ ತೊಳೆದು ಒಳಗೆ ಹೋದವಳಿಗೆ ಮೊದಲು ಬಡಿದದ್ದು ಆ ವಾಸನೆ. ಆಮೇಲೆ ಕಂಡದ್ದು ತೊಟ್ಟಿಲ ತಲೆಯ ಮೇಲಿನ ಪುಟ್ಟ ಪರದೆ.

ಲೋಕಿಕೆರೆಯಿಂದ ಬಂದಿದ್ದ ತಂಗಿಯ ಅತ್ತೆ ಆ ಪರದೆಯನ್ನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದರು. ಲಿಂಗೈಕ್ಯ, ಮಾತೋಶ್ರೀ, ಶರಣೆ... ಆಮೇಲೆ ಹೆಸರಿನ ಮೊದಲೆರಡು ಅಕ್ಷರ. ಅಲ್ಲಿಗೆ ಮುಗಿಯಿತು. ಅವರು ಬಗ್ಗಿ ಪರದೆಯ ಅಂಚನ್ನೂ ನೋಡಿದರು, ಉಳಿದದ್ದು ಅಲ್ಲೆಲ್ಲೋ ಮಡಚಿಕೊಂಡಿರಬಹುದು ಎನ್ನುವಂತೆ.

"ನೋಡಿದ್ಯಾ, ದಾನ ಕೊಟ್ಟೋರ ಹೆಸರು ಅರ್ಧಕ್ಕೇ ನಿಂತೈತೆ. ಸತ್ತೋರ ಹೆಸರು ಹಿಂಗೆ ಕತ್ತರಿಸಿ ಹಾಕಬಾರ್ದಮ್ಮ. ಯಾರಿಗಾರ ಹೇಳಿ ಸರಿ ಮಾಡ್ಸು" ಅಂದರು.

ಆ ಹೆಸರನ್ನು ಅಲ್ಲಿಗೆ ಕತ್ತರಿಸಿದ್ದು ಯಾರೆಂದು ನನಗೆ ಗೊತ್ತಿತ್ತು. ಕತ್ತರಿಸಿದಾಗ ನಾನು ಅವರ ಪಕ್ಕದಲ್ಲೇ ನಿಂತಿದ್ದೆ.

ನಾವೆಲ್ಲ ಅವರನ್ನು ಆಪಾ, ಅಂದರೆ ಅಕ್ಕ, ಅನ್ನುತ್ತಿದ್ದೆವು. ಹರಿಹರದ ಕೈಗಾರಿಕಾ ಪ್ರದೇಶದಲ್ಲಿ, ಹಿಂದೆ ಗೋದಾಮಾಗಿದ್ದ ಒಂದು ಶೆಡ್ಡಿನಲ್ಲಿ ನಮ್ಮ ಕಾರ್ಖಾನೆ ಇತ್ತು. ಅಲ್ಲಿ ಆಸ್ಪತ್ರೆಗೆ ಬೇಕಾದ ಸಣ್ಣಪುಟ್ಟ ಯಂತ್ರಗಳನ್ನು ಜೋಡಿಸುತ್ತಿದ್ದರು. ನಾನು ಕಾಲೇಜು ಮುಗಿಸಿ ಸೇರಿದಾಗ ಆಪಾ ಅಲ್ಲಿ ಹಿರಿಯ ಎಂಜಿನಿಯರು. ನಾನು ನಿಜಲಿಂಗಪ್ಪ ಬಡಾವಣೆಯವಳು, ಅವರು ದಾವಣಗೆರೆಯ ಹಳೇ ಊರಿನ ಕಡೆಯವರು. ಬೆಳಿಗ್ಗೆ ಹರಿಹರದ ಬಸ್ಸಿನಲ್ಲಿ ನನಗೊಂದು ಸೀಟು ಹಿಡಿದಿಟ್ಟಿರುತ್ತಿದ್ದರು. ಸೀಟಿನ ಮೇಲೆ ಅವರ ಊಟದ ಡಬ್ಬಿ ಕೂತಿರುತ್ತಿತ್ತು. ಅದನ್ನು ಎತ್ತಿಡಿ ಎಂದು ಕೇಳುವ ಧೈರ್ಯ ಬಸ್ಸಿನಲ್ಲಿ ಯಾರಿಗೂ ಇರಲಿಲ್ಲ. ದನಿ ಏರಿಸುವವರಲ್ಲ, ಕನ್ನಡಕದ ಮೇಲಿನಿಂದ ಸುಮ್ಮನೆ ನೋಡುತ್ತಿದ್ದರು. ಅಷ್ಟು ಸಾಕಾಗುತ್ತಿತ್ತು.

ಅವರ ಕೆಲಸ ಡ್ರೈವರ್ ಬರೆಯುವುದು. ಹಾಗೆಂದರೆ ಮನೆಯಲ್ಲಿ ಚಿಕ್ಕಮ್ಮಂದಿರು ಯಾವ ಲಾರಿ ಎಂದು ಕೇಳಿ ನಗುತ್ತಿದ್ದರಂತೆ. ನರ್ಸ್ ಕೂರುವ ಮೇಜಿನ ಕಂಪ್ಯೂಟರಿನಿಂದ ವಾರ್ಮರಿಗೆ ಒಂದಿಷ್ಟು ವಿಷಯ ಹೋಗುತ್ತದೆ. ಎಷ್ಟು ಬಿಸಿ ಬೇಕು, ಯಾವಾಗ ಗಂಟೆ ಹೊಡೆಯಬೇಕು, ಪರದೆಯ ಮೇಲೆ ಯಾರ ಹೆಸರು ಬರಬೇಕು ಎಂದೆಲ್ಲ. ಬಂದದ್ದನ್ನು ಬಾಗಿಲಲ್ಲಿ ನಿಂತು ತೆಗೆದುಕೊಂಡು ಯಂತ್ರದೊಳಗೆ ಇಡುವ ಪ್ರೋಗ್ರಾಮೇ ಈ ಡ್ರೈವರ್. ಒಳಗೆ ಪ್ರತಿಯೊಂದಕ್ಕೂ ಗೊತ್ತುಮಾಡಿದಷ್ಟೇ ಜಾಗ. ಬಂದದ್ದು ಜಾಗಕ್ಕಿಂತ ದೊಡ್ಡದಿದ್ದು, ಅಳೆಯದೆ ಒಳಗೆ ಬಿಟ್ಟರೆ, ಅದು ಪಕ್ಕದ ಜಾಗದಲ್ಲಿ ಇರುವುದನ್ನು ತುಳಿದು ಕೂರುತ್ತದೆ. ತುಳಿಸಿಕೊಂಡದ್ದು ಏನು ಎನ್ನುವುದರ ಮೇಲೆ ಉಳಿದ ಕಥೆ.

ಆದ್ದರಿಂದ ಆಪಾ ಅಳೆಯದೆ ಏನನ್ನೂ ಒಳಗೆ ಬಿಡುತ್ತಿರಲಿಲ್ಲ. ನಾನು ಬರೆದ ಪ್ರೋಗ್ರಾಮಿನಲ್ಲಿ ಅಳತೆ ನೋಡುವ ಸಾಲು ಇಲ್ಲದಿದ್ದರೆ ಉಳಿದದ್ದನ್ನು ಓದುತ್ತಲೇ ಇರಲಿಲ್ಲ. ಕಂಪ್ಯೂಟರಿನ ಕಡೆಯವರು ಅಳೆದೇ ಕಳಿಸುತ್ತಾರಲ್ಲ ಆಪಾ, ಮತ್ತೆ ನಾವ್ಯಾಕೆ ಎಂದು ಒಮ್ಮೆ ಕೇಳಿದ್ದೆ. ಅವರು ತಮ್ಮ ಅಬ್ಬಾನ ಅಂಗಡಿಯ ಮಾತು ತೆಗೆದರು. ಅವರ ತಂದೆ ಊರಿಗೆ ಹೆಸರಾದ ಟೇಲರ್. ಹೆಂಗಸರು ಅಳತೆಗೆಂದು ಹಳೇ ಬ್ಲೌಸ್ ಒಂದನ್ನು ಮೇಜಿನ ಮೇಲೆ ಇಟ್ಟು ಹೊರಟುಬಿಡುತ್ತಾರಲ್ಲ, ಅಬ್ಬಾ ಹಾಗೆ ಬಿಡುತ್ತಿರಲಿಲ್ಲವಂತೆ. ಮನೆಯಿಂದ ಅಮ್ಮಿಯನ್ನು ಕರೆಸಿ, ಟೇಪು ಕೊಟ್ಟು, ಪರದೆಯ ಹಿಂದೆ ಮತ್ತೊಮ್ಮೆ ಅಳೆಸಿದ ಮೇಲೇ ಬಟ್ಟೆಗೆ ಕತ್ತರಿ ಹಾಕುತ್ತಿದ್ದದ್ದು.

"ಅಳತೆ ಬ್ಲೌಸ್ ಕೊಟ್ಟೋರು ಸುಳ್ಳು ಹೇಳ್ತಾರಂತ ಅಲ್ಲ ತಂಗಿ" ಅಂದಿದ್ದರು ಆಪಾ. "ತಾವು ದಪ್ಪ ಆಗೀವಿ ಅಂತ ಅವ್ರಿಗೇ ಗೊತ್ತಿರಂಗಿಲ್ಲ."

ಇದಕ್ಕಿಂತ ಚೆನ್ನಾಗಿ ಈ ವಿದ್ಯೆಯನ್ನು ನನಗೆ ಯಾವ ಪುಸ್ತಕವೂ ಹೇಳಿಕೊಟ್ಟಿಲ್ಲ.

ನಮ್ಮ ಮಾಲೀಕರಿಗೆ ಮಾತ್ರ ಇದೆಲ್ಲ ತಲೆಹರಟೆ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡುವ ಮನುಷ್ಯ. ಎರಡೂ ಅಂಗೈ ಉಜ್ಜುತ್ತಾ, ಸ್ವಲ್ಪ ಹೊಂದ್ಕೊಂಡು ಹೋಗ್ಬೇಕ್ರಿ ಎನ್ನುವುದು ಅವರ ಮಂತ್ರ. ಹೊಂದಿಕೊಳ್ಳಬೇಕಾದವರು ಯಾವಾಗಲೂ ಇನ್ನೊಬ್ಬರೇ ಆಗಿರುತ್ತಿದ್ದರು. ದೊಡ್ಡವರ ಮುಂದೆ ಅವರು ಬೆನ್ನು ಬಗ್ಗಿಸುವ ರೀತಿ ನೋಡಿ ನನಗೆ ನಾಚಿಕೆಯಾಗುತ್ತಿತ್ತು. ಅಂಥವರಿಗೆ ಆ ವರ್ಷ ಒಂದು ದೊಡ್ಡ ಕೆಲಸ ಸಿಕ್ಕಿತು. ದಾವಣಗೆರೆಯ ಹಳೇ ಜವಳಿ ವ್ಯಾಪಾರಿಯೊಬ್ಬರು ತೀರಿಹೋದ ತಾಯಿಯ ನೆನಪಿಗೆ ಈ ಆಸ್ಪತ್ರೆಗೆ ವಾರ್ಮರುಗಳನ್ನು ದಾನ ಮಾಡುವವರಿದ್ದರು. ಯಂತ್ರ ಚಾಲೂ ಆದಾಗೆಲ್ಲ ಪರದೆಯ ಮೇಲೆ ತಾಯಿಯ ಹೆಸರು ಬರಬೇಕು. ನಮ್ಮ ಊರಿನಲ್ಲಿ ಇದು ಹೊಸದೇನಲ್ಲ. ಬಸ್ ನಿಲ್ದಾಣದ ಕಲ್ಲುಬೆಂಚಿನಿಂದ ಕುಡಿಯುವ ನೀರಿನ ತೊಟ್ಟಿಯವರೆಗೆ ಎಲ್ಲದರ ಮೇಲೂ ಒಬ್ಬರ ಸ್ಮರಣಾರ್ಥ ಇದ್ದೇ ಇರುತ್ತದೆ.

ಹೆಸರು ಬಂತು. ಬರೀ ಹೆಸರಲ್ಲ. ಹಿಂದೆ ಲಿಂಗೈಕ್ಯ, ಮಾತೋಶ್ರೀ, ಶರಣೆ, ಮುಂದೆ ಊರು, ಮನೆತನ, ಇವರ ಸ್ಮರಣಾರ್ಥ ಮಕ್ಕಳು ಮೊಮ್ಮಕ್ಕಳು... ಸಂತೆಯಲ್ಲಿ ಅಳತೆಯ ಮೇಲೆ ಕೊಸರು ಹಾಕುವಂತೆ ಒಬ್ಬೊಬ್ಬರೂ ಒಂದೊಂದು ಮಾತು ಸೇರಿಸಿದ್ದರು. ಆ ವಾರ್ಮರಿನ ಸರ್ಕ್ಯೂಟ್ ಬೋರ್ಡಿನಲ್ಲಿ ಹೆಸರಿಗೆ ಇದ್ದ ಜಾಗ ಇಂಗ್ಲಿಷ್ ಅಕ್ಷರಗಳ ಲೆಕ್ಕದ್ದು. ಕನ್ನಡದ ಅಕ್ಷರ ಯಂತ್ರದೊಳಗೆ ಅದಕ್ಕಿಂತ ಹೆಚ್ಚು ಜಾಗ ತಿನ್ನುತ್ತದೆ, ಒತ್ತಕ್ಷರ ಇನ್ನೂ ಹೆಚ್ಚು. ಆಪಾ ಬರೆದಿದ್ದ ಡ್ರೈವರ್ ಅಳೆದು, ಹಿಡಿಯುವಷ್ಟನ್ನು ಇಟ್ಟುಕೊಂಡು, ಉಳಿದದ್ದನ್ನು ಬಾಗಿಲಲ್ಲೇ ಬಿಟ್ಟಿತು. ಪರದೆಯ ಮೇಲೆ ಹೆಸರು ಅರ್ಧಕ್ಕೆ ನಿಂತಿತು.

ಮಾಲೀಕರ ಮುಖ ಬಿಳಿಚಿಕೊಂಡಿತು. ಸತ್ತವರ ಹೆಸರು ತುಂಡು ಮಾಡಿದರೆ ಅಪಶಕುನ, ದಾನ ಕೊಡುವ ಯಜಮಾನರು ಸಿಡಿದುಬೀಳುತ್ತಾರೆ ಎಂದು ಒದ್ದಾಡಿದರು. ಆಪಾ ಸಮಾಧಾನವಾಗಿಯೇ ಹೇಳಿದರು, ಈ ಬೋರ್ಡಿನಲ್ಲಿ ಇಷ್ಟೇ ಜಾಗ, ಬಿರುದುಗಳನ್ನು ಬಿಟ್ಟು ತಾಯಿಯ ಹೆಸರಷ್ಟೇ ಇಡೋಣ ಎಂದು ಅವರನ್ನು ಕೇಳಿ ನೋಡಿ ಅಂತ. ಅಷ್ಟು ದೊಡ್ಡವರ ಮುಂದೆ ಹೋಗಿ ನಿಮ್ಮ ಹೆಸರು ಗಿಡ್ಡ ಮಾಡಿಕೊಳ್ಳಿ ಎನ್ನಲಾಗುತ್ತದೆಯೇ ಎಂದರು ಮಾಲೀಕರು. ಯಾರೂ ಕೇಳಲಿಲ್ಲ. ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಹೇಸಿಗೆ ಹುಟ್ಟಿಸುವುದು ಇದೇ. ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು.

ರಂಜಾನ್ ಹಬ್ಬ ಬಂತು. ಆಪಾ ರಜೆಯಲ್ಲಿದ್ದಾಗ ಮಾಲೀಕರು ತಮ್ಮ ಅಳಿಯನನ್ನು ಕೂರಿಸಿದರು. ಆತನೂ ಎಂಜಿನಿಯರೇ. ಅಳತೆ ನೋಡುವ ಸಾಲುಗಳನ್ನು ಅಳಿಸಿಹಾಕಿದ. ಹೆಸರು ಪೂರ್ತಿ ಬಂತು. ಪರದೆಯ ಮೇಲೆ ಒಂದು ತುದಿಯಿಂದ ಇನ್ನೊಂದಕ್ಕೆ ಮೆರವಣಿಗೆಯಂತೆ ಓಡಿತು. ಶೆಡ್ಡಿನಲ್ಲಿದ್ದವರು ಚಪ್ಪಾಳೆ ತಟ್ಟಿದರಂತೆ. ಆ ವಾರ ನಾನು ಬೇರೊಂದು ಕೆಲಸಕ್ಕೆ ಹುಬ್ಬಳ್ಳಿಯಲ್ಲಿದ್ದೆ, ಇದನ್ನೆಲ್ಲ ಆಮೇಲೆ ಕೇಳಿದ್ದು. ಆಸ್ಪತ್ರೆಯಲ್ಲಿ ಉದ್ಘಾಟನೆ ನಡೆಯಿತು. ಶಾಲು, ಹಾರ, ಮಂಡಕ್ಕಿ, ಮಿರ್ಚಿ ಎಲ್ಲವೂ ಆಯಿತು. ಹಬ್ಬ ಮುಗಿಸಿ ಬಂದ ಆಪಾ ಎಂದಿನಂತೆ ಎಲ್ಲರಿಗೂ ಶೀರ್ ಖುರ್ಮಾ, ಹಾಲು ಖರ್ಜೂರದ ಶಾವಿಗೆ ಪಾಯಸ, ತಂದಿದ್ದರು. ಅಳಿಯನೂ ಎರಡು ಲೋಟ ಕುಡಿದ. ಸಾಲು ಅಳಿಸಿದ ವಿಷಯ ಬಾಯಿ ಬಿಡಲಿಲ್ಲ.

ಹೆಸರಿನ ಪಕ್ಕದ ಜಾಗದಲ್ಲಿ ಇದ್ದದ್ದು ಏನು ಗೊತ್ತೇ? ಬಿಸಿ ಇದಕ್ಕಿಂತ ಮೇಲೆ ಹೋದರೆ ನಿಲ್ಲಿಸು ಎನ್ನುವ ಮಿತಿ. ಮೊಮ್ಮಕ್ಕಳ ಸ್ಮರಣೆ ಹೋಗಿ ಅದರ ಮೇಲೆ ಕೂತಿತ್ತು. ದಿನನಿತ್ಯ ಅದು ಯಾರಿಗೂ ಗೊತ್ತಾಗುವಂತಿರಲಿಲ್ಲ. ಕೂಸಿನ ಮೈಗೆ ಅಂಟಿಸಿದ ಒಂದು ತಂತಿ ಚರ್ಮ ಎಷ್ಟು ಬಿಸಿಯಾಗಿದೆ ಎಂದು ಹೇಳುತ್ತಿರುತ್ತದೆ, ಅದರ ಮಾತಿನಂತೆ ಯಂತ್ರ ನಡೆಯುತ್ತದೆ. ತಂತಿ ಕಳಚಿಕೊಂಡರೆ ಕೂಸು ತಣ್ಣಗಾಗಿದೆ ಎಂದುಕೊಂಡು ಯಂತ್ರ ಬಿಸಿ ಏರಿಸುತ್ತಲೇ ಹೋಗುತ್ತದೆ, ಆಗ ಮಾತ್ರ ಆ ಮಿತಿಯ ಕೆಲಸ. ಒಂದು ಮಧ್ಯಾಹ್ನ ಬೋರಲು ಮಲಗಿಸಿದ್ದ ಒಂದು ಕೂಸು ಕಾಲು ಜಾಡಿಸಿತು, ತಂತಿ ಕಳಚಿತು. ನಿಲ್ಲಿಸಬೇಕಾದದ್ದು ನಿಲ್ಲಿಸಲಿಲ್ಲ, ಗಂಟೆಯೂ ಹೊಡೆಯಲಿಲ್ಲ. ಪಕ್ಕದ ಕೂಸಿಗೆ ಹಾಲು ಹಾಕುತ್ತಿದ್ದ ನರ್ಸ್ ಅಳು ಕೇಳಿ ಓಡಿಬಂದು ಎತ್ತಿಕೊಂಡಳು. ಕೂಸು ಉಳಿಯಿತು. ಆದರೆ ಅದರ ಬೆನ್ನು...

ಯಂತ್ರ ನೋಡಲು ಆಪಾ ಜೊತೆ ನಾನೂ ಹೋಗಿದ್ದೆ. ಹಾಸಿಗೆಯ ರೆಕ್ಸಿನ್ನು ಅಲ್ಲಲ್ಲಿ ಬೊಬ್ಬೆ ಎದ್ದಿತ್ತು. ಆ ವಾಸನೆ ಅಂದಿನದು.

ಮಾಲೀಕರು ಆಸ್ಪತ್ರೆಗೆ ತಾವು ಹೇಳಬೇಕಾದದ್ದನ್ನು ಆಗಲೇ ಹೇಳಿ ಮುಗಿಸಿದ್ದರು. ತಂತಿ ಸರಿಯಾಗಿ ಅಂಟಿಸದ್ದು ನರ್ಸಿನ ತಪ್ಪು, ಯಂತ್ರ ಚೊಕ್ಕವಾಗಿದೆ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗೆ. ಆ ಹುಡುಗಿ ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಆಯಾಗಳು ಕೂರುವ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು, ನಾನೇ ಅಂಟಿಸಿದ್ದೆ, ನಾನೇ ಅಂಟಿಸಿದ್ದೆ ಅಂತ. ಮಾರನೇ ದಿನ ಅವಳನ್ನು ಕೆಲಸದಿಂದ ತೆಗೆಯುವವರಿದ್ದರು. ಉಳಿದ ವಾರ್ಮರುಗಳು ಮಾತ್ರ ಆಗಲೂ ಚಾಲೂ ಇದ್ದವು. ಒಂದೊಂದರಲ್ಲೂ ಒಂದೊಂದು ಕೂಸು ಮಲಗಿತ್ತು.

ಶೆಡ್ಡಿಗೆ ಮರಳಿದ ಕೂಡಲೇ ಆಪಾ ಡ್ರೈವರ್ ತೆರೆದು ನೋಡಿದರು. ಬಹಳ ಹೊತ್ತು ಬೇಕಾಗಲಿಲ್ಲ. ತಮ್ಮ ಸಾಲುಗಳಿದ್ದ ಜಾಗವನ್ನು ಬೆರಳಿನಿಂದ ಒಮ್ಮೆ ಮುಟ್ಟಿ, ಎದ್ದು ಮಾಲೀಕರ ಕೋಣೆಗೆ ಹೋದರು. ನಾನೂ ಹಿಂದೆ ಹೋದೆ. ಮಾಲೀಕರು ಪೇಪರಿನ ಮೇಲೆ ಮಂಡಕ್ಕಿ ಹರವಿಕೊಂಡು ತಿನ್ನುತ್ತಿದ್ದರು, ಅಳಿಯ ಎದುರಿಗಿದ್ದ. ಆಪಾ ವಿಷಯ ಹೇಳಿ, ಎಲ್ಲ ಯಂತ್ರಗಳನ್ನೂ ಈಗಲೇ ನಿಲ್ಲಿಸಲು ಆಸ್ಪತ್ರೆಗೆ ಫೋನ್ ಮಾಡಿ ಎಂದರು. ಅಳಿಯ ಮೂರ್ನಾಲ್ಕು ಸಾಲು ತೆಗೆದದ್ದಕ್ಕೆ ಇಷ್ಟೆಲ್ಲ ರಾದ್ಧಾಂತವೇ ಎಂದ. ಪರದೆಯ ಮೇಲೆ ಅಕ್ಷರ ಎಣಿಸಿಯೇ ಬಿಟ್ಟಿದ್ದೆ, ಸರಿಯಾಗಿ ಕೂತಿತ್ತು ಎಂದ. ಕಣ್ಣಿಗೆ ಕಂಡದ್ದನ್ನು ಎಣಿಸಿದ್ದ, ಒಳಗೆ ಹೋದದ್ದನ್ನು ಅಳೆದಿರಲಿಲ್ಲ.

ಮಾಲೀಕರು ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡು ಅಗಿದು ನುಂಗಿದರು. "ಕೂಸು ಬದುಕೈತಲ್ರಿ, ಮತ್ತೇನು? ತಂತಿ ಕಳಚಿದ್ದು ಖರೆ ತಾನೆ?"

"ತಂತಿ ಕಳಚೋದು ಇದ್ದದ್ದೇ ಸರ್" ಅಂದರು ಆಪಾ. "ಕಳಚಿದಾಗ ಕಾಪಾಡ್ಲಿ ಅಂತಾನೇ ಆ ಮಿತಿ ಇಟ್ಟಿದ್ದು. ಅದರ ಮ್ಯಾಲೆ ನೀವು ಹೆಸರು ಹೊರಿಸೀರಿ."

ಮಾಲೀಕರು ನಕ್ಕರು. ಆ ನಗೆ ನನಗೆ ಈಗಲೂ ನೆನಪಿದೆ, ತುಟಿಯ ಮೂಲೆಯಲ್ಲಿ ಅಂಟಿಕೊಂಡ ಒಂದು ಮಂಡಕ್ಕಿ ಕಾಳಿನ ಸಮೇತ. ಥೂ. ಫೋನನ್ನು ಅವರು ಮುಟ್ಟಲಿಲ್ಲ. ನಾವಿಬ್ಬರೂ ಬಸ್ಸು ಹಿಡಿದು ದಾವಣಗೆರೆಗೆ ಬಂದೆವು. ಇಳಿದ ಮೇಲೆ ಆಪಾ, ನೀನು ಮನೆಗೆ ಹೋಗು ತಂಗಿ, ನಾನು ಜವಳಿ ಅಂಗಡಿಗೆ ಹೋಗ್ತೀನಿ ಎಂದರು. ನಾನು ಹೋಗಲಿಲ್ಲ, ಅವರ ಜೊತೆಗೇ ನಡೆದೆ.

ದಾನ ಕೊಟ್ಟ ಯಜಮಾನರು ಅಂಗಡಿಯ ಗಾದಿಯ ಮೇಲೆ ಗೋಡೆಗೊರಗಿ ಕೂತಿದ್ದರು. ಹಣೆಯ ತುಂಬ ವಿಭೂತಿ, ವಯಸ್ಸಾದ ಜೀವ. ಆಪಾನ ಅಬ್ಬಾ ಒಂದು ಕಾಲದಲ್ಲಿ ಆ ಅಂಗಡಿಯಿಂದಲೇ ಲೈನಿಂಗ್ ಬಟ್ಟೆ ಒಯ್ಯುತ್ತಿದ್ದರಂತೆ, ಹೆಸರು ಹೇಳಿದ ಕೂಡಲೇ ಗುರುತು ಹತ್ತಿತು. ಕೂಡ್ರಿ ಎಂದು ನೀರು ತರಿಸಿದರು. ಆಪಾ ಏನನ್ನೂ ಮುಚ್ಚಿಡಲಿಲ್ಲ. ಹೆಸರು, ಜಾಗ, ಮಿತಿ, ತಂತಿ, ಕೂಸಿನ ಬೆನ್ನು, ಮೆಟ್ಟಿಲ ಮೇಲೆ ಅಳುತ್ತಿದ್ದ ಹುಡುಗಿ, ಎಲ್ಲವನ್ನೂ ಹೇಳಿದರು. ಉಳಿದ ಯಂತ್ರಗಳನ್ನು ನಿಲ್ಲಿಸು ಎಂದು ನೀವು ಹೇಳಿದರೆ ಮಾತ್ರ ಆಸ್ಪತ್ರೆಯವರು ಕೇಳುತ್ತಾರೆ ಯಜಮಾನ್ರೇ ಎಂದರು. ಅಳತೆಯ ಸಾಲುಗಳನ್ನು ಮತ್ತೆ ಹಾಕಿದರೆ ಹೆಸರು ಮತ್ತೆ ತುಂಡಾಗುತ್ತದೆ, ಬೇಕಾದರೆ ಬಿರುದು ತೆಗೆದು ಬರೀ ಹೆಸರು ಪೂರ್ತಿ ಬರುವಂತೆ ಮಾಡಿಕೊಡುತ್ತೇನೆ ಎಂದೂ ಹೇಳಿದರು.

ಮುದುಕರು ಗೋಡೆ ಬಿಟ್ಟು ನೆಟ್ಟಗೆ ಕೂತರು. ಬೈಯುತ್ತಾರೇನೋ ಎಂದು ನಾನು ಕಾಯುತ್ತಿದ್ದೆ.

"ನನ್ನನ್ನ ಯಾಕ ಯಾರೂ ಕೇಳ್ಲಿಲ್ಲ?" ಅಂದರು. ಆಮೇಲೆ, "ಅರ್ಧಕ್ಕೇ ನಿಂತಿರ್ಲಿ ಬಿಡವ್ವ. ಸರಿ ಮಾಡ್ಬ್ಯಾಡ. ನಮ್ಮವ್ವನ ಹೆಸರಿನ ಕೆಳಗೆ ಒಂದು ಕೂಸು ಸುಟ್ಟೈತೆ. ನೋಡಿದಾಗೆಲ್ಲ ನನಗೆ ಅದು ನೆನಪಾಗ್ಬೇಕು."

ಅಲ್ಲೇ ನಮ್ಮೆದುರಿಗೇ ಆಸ್ಪತ್ರೆಗೆ ಫೋನ್ ಮಾಡಿದರು. ಯಂತ್ರಗಳು ನಿಂತವು, ಕೂಸುಗಳನ್ನು ಬೇರೆ ಕಡೆ ಸಾಗಿಸಿದರು. ನರ್ಸ್ ಹುಡುಗಿಯ ಕೆಲಸ ಉಳಿಯಿತು. ಮಾರನೇ ದಿನ ಮಾಲೀಕರು ಬೇರೆ ದಾರಿಯಿಲ್ಲದೆ ಆಪಾನನ್ನೇ ಆಸ್ಪತ್ರೆಗೆ ಕಳಿಸಿದರು. ಒಂದೊಂದು ವಾರ್ಮರಿನ ಮುಂದೆಯೂ ಕೂತು ಅವರು ತಮ್ಮ ಸಾಲುಗಳನ್ನು ಮತ್ತೆ ಹಾಕಿದರು. ಪ್ರತಿ ಸಲವೂ ತಂತಿಯನ್ನು ತಾವೇ ಕಳಚಿ, ತಮ್ಮ ಮುಂಗೈಯನ್ನು ಬಿಸಿಯ ಕೆಳಗೆ ಹಿಡಿದು, ನಿಲ್ಲುತ್ತದೆಯೇ ಎಂದು ನೋಡಿದರು. ನಾನು ಹಿಡಿಯುತ್ತೇನೆ ಎಂದರೆ ಬಿಡಲಿಲ್ಲ. ಪ್ರತಿ ಸಲವೂ ಗಂಟೆ ಹೊಡೆಯಿತು, ಬಿಸಿ ನಿಂತಿತು, ಪರದೆಯ ಮೇಲೆ ಹೆಸರು ಅರ್ಧಕ್ಕೆ ನಿಂತಿತು.

ಶೆಡ್ಡಿಗೆ ವಾಪಸಾದ ದಿನವೇ ಅವರನ್ನು ಮನೆಗೆ ಕಳಿಸಿದರು. ಉಂಡ ಮನೆಯ ಜಂತೆ ಎಣಿಸಿದವಳು ಎಂದರು ಮಾಲೀಕರು, ಎಲ್ಲರಿಗೂ ಕೇಳುವಂತೆ. ಅದಾದರೂ ಹೋಗಲಿ, ಮಾಲೀಕರಿಂದ ನಾನು ಬೇರೇನನ್ನೂ ನಿರೀಕ್ಷಿಸಿರಲಿಲ್ಲ. ಆದರೆ ವರ್ಷವರ್ಷವೂ ಅವರ ಶೀರ್ ಖುರ್ಮಾ ಕುಡಿದು, ಇನ್ನೊಂದು ಲೋಟ ಇದೆಯೇ ಆಪಾ ಎಂದು ಹಲ್ಲು ಕಿರಿಯುತ್ತಿದ್ದ ಜೊತೆ ಕೆಲಸದವರು ಅಂದು ಊಟಕ್ಕೆ ಕೂತಾಗ, ಅವರ ಜನಾನೇ ಹಂಗೆ, ನಂಬಬಾರ್ದು ಎಂದರು. ಹಾಗೆಂದು ಅನ್ನ ಕಲಸಿ ಅದೇ ಬಾಯಿಂದ ಉಂಡರು. ನನ್ನ ಡಬ್ಬಿ ಮುಚ್ಚಿ ನಾನು ಎದ್ದೆ. ಆ ಮೇಜಿಗೆ ಮತ್ತೆ ಊಟಕ್ಕೆ ಕೂರಲಿಲ್ಲ, ಆ ಕೆಲಸದಲ್ಲೂ ಬಹಳ ದಿನ ಇರಲಿಲ್ಲ.

ಆಪಾನಿಗೆ ಮತ್ತೆ ಕೆಲಸ ಸಿಗಲಿಲ್ಲ. ಮಾಲೀಕರು ಎಲ್ಲೆಲ್ಲಿ ಏನೇನು ಹೇಳಿಟ್ಟಿದ್ದರೋ, ಹೋದಲ್ಲೆಲ್ಲ ಆ ವಾರ್ಮರ್ ಕೇಸಿನ ಹೆಂಗಸಲ್ಲವೇ ಎಂದು ಕೇಳುತ್ತಿದ್ದರಂತೆ. ಅಣ್ಣ ನಡೆಸುತ್ತಿದ್ದ ಅಬ್ಬಾನ ಅಂಗಡಿಯಲ್ಲಿ ಕೂರತೊಡಗಿದರು. ಹೆಂಗಸರ ಅಳತೆ ತೆಗೆಯುವುದು ಈಗ ಅವರ ಕೆಲಸ. ಒಮ್ಮೆ ನಾನು ಬ್ಲೌಸ್ ಹೊಲಿಸಲು ಹೋಗಿ, ಅಭ್ಯಾಸಬಲದಿಂದ ಹಳೆಯದೊಂದನ್ನು ಮೇಜಿನ ಮೇಲಿಟ್ಟೆ. ಆಪಾ ಕನ್ನಡಕದ ಮೇಲಿನಿಂದ ನೋಡಿದರು. ಇಬ್ಬರೂ ನಕ್ಕೆವು. ನಾನೇ ಎದ್ದು ಕೈ ಎತ್ತಿ ನಿಂತೆ. ಬೇಜಾರು ಆಗಲ್ಲವೇ ಆಪಾ ಎಂದು ಕೇಳಿದ್ದಕ್ಕೆ ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, ಆಗ್ತೈತೆ ಅಂದರು.

ಮೂರು ವರ್ಷದ ಹಿಂದೆ ಎದೆನೋವು ಬಂದು ಹೋಗಿಬಿಟ್ಟರು. ನನಗೆ ತಿಳಿದದ್ದು ತಿಂಗಳ ಮೇಲೆ, ಅಂಗಡಿಯ ಮೇಜಿನ ಹಿಂದೆ ಅವರ ಕುರ್ಚಿ ಖಾಲಿ ಇದ್ದದ್ದನ್ನು ಕಂಡು ಅಣ್ಣನನ್ನು ಕೇಳಿದಾಗ. ಮಾಲೀಕರು ಚೆನ್ನಾಗಿದ್ದಾರೆ. ಹೋದ ವಾರ ಆಸ್ಪತ್ರೆಗೆ ಬರುವಾಗ ಸರ್ಕಲ್ಲಿನಲ್ಲಿ ಅವರ ಆಳೆತ್ತರದ ಫ್ಲೆಕ್ಸ್ ಕಂಡಿತು. ಯಾವುದೋ ಸನ್ಮಾನವಂತೆ, ಆರೋಗ್ಯ ಕ್ಷೇತ್ರದ ಸೇವೆಗೆ. ಎರಡೂ ಕೈ ಜೋಡಿಸಿದ್ದರು. ಆಟೋದವನು ಸಿಗ್ನಲ್ಲಿಗೆಂದು ಅದರ ಕೆಳಗೇ ನಿಲ್ಲಿಸಿದ. ನಾನು ಉಗುಳಿದೆ. ಹೆಂಗಸರು ರಸ್ತೆಯಲ್ಲಿ ಹಾಗೆ ಉಗುಳಬಾರದೆಂದು ನನ್ನ ತಾಯಿ ಹೇಳುತ್ತಿದ್ದರು...

"ಯಾರಿಗೆ ಹೇಳ್ಬೇಕಂತ ಗೊತ್ತೈತಾ ನಿನಗೆ?" ತಂಗಿಯ ಅತ್ತೆ ಮತ್ತೆ ಕೇಳಿದರು. ಅವರ ಕಣ್ಣು ಇನ್ನೂ ಆ ಅರ್ಧ ಹೆಸರಿನ ಮೇಲೆಯೇ ಇತ್ತು. ಅದು ಸರಿಯಾಗಿಯೇ ಇದೆ, ನಮ್ಮ ಆಪಾ ಮಾಡಿಟ್ಟದ್ದು ಎಂದೆ. ಎಲ್ಲಿದ್ದಾರೆ ಅವರು ಎಂದು ಕೇಳಿದರು. ಈಗಿಲ್ಲ ಎಂದೆ. ಅವರು ಲೊಚಗುಟ್ಟಿದರು.

ಅಷ್ಟರಲ್ಲಿ ಕೂಸು ನಿದ್ದೆಯಲ್ಲೇ ಕಾಲು ಜಾಡಿಸಿತು. ಹೊಟ್ಟೆಗೆ ಅಂಟಿಸಿದ್ದ ತಂತಿ ಕಳಚಿ ಪಕ್ಕಕ್ಕೆ ಬಿತ್ತು. ಮೇಲಿನ ಬಿಸಿ ಕಂಬಿ ಕೆಂಪಗೆ ಏರಿತು. ನಾನು ಕೈ ಚಾಚುವ ಮೊದಲೇ ಗಂಟೆ ಹೊಡೆಯಿತು, ಮೇಲಿನ ಕೆಂಪು ಆರಿತು. ನರ್ಸ್ ಬಂದು, ಏನಾಗಿಲ್ಲ ಅಮ್ಮ, ಮಕ್ಕಳು ಹಿಂಗೇ ಎನ್ನುತ್ತಾ ತಂತಿಯನ್ನು ಮತ್ತೆ ಅಂಟಿಸಿ ಹೋದಳು.

ನಾನು ತೊಳೆದ ಕೈಯನ್ನು ಕೂಸಿನ ಬೆನ್ನಿನ ಕೆಳಗೆ ತೂರಿಸಿ ನೋಡಿದೆ. ಎಷ್ಟು ಬೆಚ್ಚಗಿರಬೇಕೋ ಅಷ್ಟೇ ಬೆಚ್ಚಗಿತ್ತು.